ಅಮಾಸಿ ಹೋಗ್ಲಿ, ಶುರು ಮಾಡ್ತೀನಿ

ನಡುವಯಸ್ಸಿನಲ್ಲಿ ಆರೋಗ್ಯದ ನೆನಪಾಗಲು ರಾಯಚೂರು ಸೀಮೆಯಲ್ಲಿ ಸಾಮಾನ್ಯವಾಗಿ ಮೂರು ಕಾರಣಗಳು: ಲ್ಯಾಬಿನ ರಿಪೋರ್ಟು, ಯಾರದೋ ಮದುವೆಯಲ್ಲಿ ತೆಗೆದ ಫೋಟೊ, ಓರಗೆಯವನೊಬ್ಬ ತೀರಿಕೊಂಡ ಸುದ್ದಿ. ಫೋಟೊದ ಪರಿಣಾಮ ಒಂದು ವಾರ. ಸಾವಿನ ಸುದ್ದಿಯದು ಹೆಚ್ಚೆಂದರೆ ದಿನಕರ್ಮ ಮುಗಿಯುವವರೆಗೆ. ರಿಪೋರ್ಟು ಮಾತ್ರ ಅಲಮಾರಿನಲ್ಲಿ ಕುಳಿತು ಕಾಡುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಮಧುಮೇಹ ಎಂದು ವೈದ್ಯಶಾಸ್ತ್ರ ಗೆರೆ ಎಳೆದಿದೆ. 127 ಬಂದವರು ಲ್ಯಾಬು ಬದಲಿಸುತ್ತಾರೆ. 227 ಬಂದವರು ಬೂಟು ಕೊಳ್ಳುತ್ತಾರೆ.

ಹೊಟ್ಟೆಯ ಕಾರಣಕ್ಕೆ ಬದುಕೇ ಬದಲಾದ ದೊಡ್ಡ ನಿದರ್ಶನ ಈ ಸೀಮೆಯ ಮಾನ್ವಿಯಲ್ಲೇ ಇದೆ. ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದ ಘನ ಪಂಡಿತರು. ಮಾನ್ವಿಗೆ ಬಂದ ಹರಿದಾಸ ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವವರ ಪಂಕ್ತಿಗೆ ಹೋಗಲು ಮನಸ್ಸಿಲ್ಲದೆ ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪ ನಿಜವಾಯಿತು. ಕೊನೆಗೆ ವಿಜಯದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಬಳಿ ಕಳಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಧಾರೆಯೆರೆದರೆಂದು ದಾಸಪರಂಪರೆ ನಂಬುತ್ತದೆ. ನೋವು ಕಳೆದ ಪಂಡಿತರು ‘ಹರಿಕಥಾಮೃತಸಾರ’ ರಚಿಸಿದ ಜಗನ್ನಾಥದಾಸರಾದರು. ಇಲ್ಲಿ ಗಮನಿಸಬೇಕಾದದ್ದು ನೋವನ್ನಲ್ಲ, ನೋವು ಹೋದ ಮೇಲೂ ಅವರು ದಾಸರಾಗಿಯೇ ಉಳಿದದ್ದನ್ನು. ಈಗಿನವರು ಸಕ್ಕರೆ ಇಳಿದ ಮರುದಿನವೇ ಪೂರ್ವಾಶ್ರಮಕ್ಕೆ ಮರಳುತ್ತಾರೆ.

ಈ ಮರಳಾಟವನ್ನು ಮನೋವಿಜ್ಞಾನ ಬಹಳ ಹಿಂದೆಯೇ ಗುರುತಿಸಿದೆ. ಅಮೆರಿಕದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಸಿಗರೇಟು ಬಿಡುವವರನ್ನು ನೋಡಿ, ಬದಲಾವಣೆ ಹಂತಹಂತವಾಗಿ ಬರುತ್ತದೆಂದು 1983ರಲ್ಲಿ ಬರೆದರು. ಮೊದಲು ಯೋಚನೆಯೇ ಇರುವುದಿಲ್ಲ; ಆಮೇಲೆ ಯೋಚನೆ, ತಯಾರಿ, ಆಚರಣೆ, ಕೊನೆಗೆ ಅದನ್ನು ಉಳಿಸಿಕೊಳ್ಳುವುದು. ರಾಯಚೂರಿನಲ್ಲಿ ಅತಿ ದೀರ್ಘವಾದದ್ದು ತಯಾರಿಯ ಹಂತ. ಬೂಟು ಬಂದಿರುತ್ತದೆ, ಡಬ್ಬಿಯಿಂದ ಇಳಿದಿರುವುದಿಲ್ಲ. ಹೆಜ್ಜೆ ಎಣಿಸುವ ಗಡಿಯಾರ ಕೈಗೇರಿರುತ್ತದೆ, ಅಡುಗೆಮನೆಗೂ ಟಿ.ವಿ.ಗೂ ನಡುವಿನ ಹೆಜ್ಜೆಗಳನ್ನು ಲೆಕ್ಕ ಹಾಕುತ್ತಿರುತ್ತದೆ. ‘ಅಮಾಸಿ ಹೋಗ್ಲಿ, ಶುರು ಮಾಡ್ತೀನಿ’ ಎಂಬುದು ಈ ಹಂತದ ಮಂತ್ರ. ಅಮಾವಾಸ್ಯೆ ವರ್ಷಕ್ಕೆ ಹನ್ನೆರಡು ಸಲ ಬರುವುದು ಅನುಕೂಲವೇ ಆಗಿದೆ.

ಆಚರಣೆ ಮೊದಲು ಕಾಣಿಸುವುದು ತಾಟಿನಲ್ಲಿ. ಈ ಸೀಮೆಯ ಹಳೆಯ ಊಟ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿ ಕಡೆಯ ಎರೆಹೊಲಗಳು ಭತ್ತದ ಗದ್ದೆಗಳಾದವು, ತಾಟಿನಲ್ಲಿ ಅನ್ನ ಗುಡ್ಡವಾಯಿತು. ಅಜ್ಜ ಅಕ್ಕಿ ಕೊಳ್ಳಲಾಗದೆ ರೊಟ್ಟಿ ತಿಂದ; ಮೊಮ್ಮಗ ರೇಷನ್ ಅಕ್ಕಿ ಪುಕ್ಕಟೆ ಬಂದರೂ ದುಡ್ಡು ಕೊಟ್ಟು ಜೋಳ ತಂದು ರೊಟ್ಟಿ ತಿನ್ನುತ್ತಾನೆ. ಆದರೆ ರೊಟ್ಟಿ ತಾನಾಗಿ ಆಗುವುದಿಲ್ಲ. ಬಿಸಿನೀರಿಗೆ ಹಿಟ್ಟು ಕಲಸಿ, ನಾದಿ, ತಟ್ಟಿ, ಹಂಚಿಗೆ ಹಾಕಿ, ಮೇಲೆ ನೀರು ಸವರುವಷ್ಟರಲ್ಲಿ ಬೆವರು ಇಳಿದಿರುತ್ತದೆ. ಮೂರನೇ ವಾರಕ್ಕೆ ಒಲೆಯ ಮುಂದಿನಿಂದ ಮಾತು ಬರುತ್ತದೆ: ‘ನಿಮ್ ಶುಗರ್ ಇಳೀತೋ ಇಲ್ಲೋ, ನನ್ ರಟ್ಟಿ ಬಿದ್ದೋದ್ವು ನೋಡ್ರಿ.’ ಪ್ರೇರಣೆ ಒಬ್ಬರದು, ವ್ಯಾಯಾಮ ಇನ್ನೊಬ್ಬರದು.

ಎರಡನೆಯ ಆಚರಣೆ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಲೆಕ್ಕ ಮಾತ್ರ ವೈದ್ಯರದಲ್ಲ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರು. ಆ ಹೆಸರು ಇಟ್ಟವರು ರಾಯಚೂರಿನ ಏಪ್ರಿಲ್ ಕಂಡಿರಲಿಲ್ಲ. ಇಲ್ಲಿ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ, ಏಳಕ್ಕೆಲ್ಲ ಬಿಸಿಲು ಬೆನ್ನು ಸುಡುತ್ತದೆ. ಕೋಟೆಯ ಕಡೆಗೋ ಕ್ರೀಡಾಂಗಣಕ್ಕೋ ಹೋಗುವವರು ಕತ್ತಲಲ್ಲೇ ಹೊರಡಬೇಕು. ಮರಳುವ ದಾರಿಯಲ್ಲಿ ಮಿರ್ಚಿ ಬಂಡಿ ಇರುತ್ತದೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಸದ್ದಿಗೆ ಜೊತೆಯಾಗಿ ನಡೆದ ನಾಲ್ವರು ಗೆಳೆಯರೂ ಒಟ್ಟಿಗೆ ನಿಲ್ಲುತ್ತಾರೆ. ‘ಇವತ್ತ ಎರಡ ರೌಂಡ್ ಜಾಸ್ತಿ ಹೊಡದೀವಲ್ರಿ’ ಎಂದು ಒಬ್ಬರು ತೀರ್ಪು ಕೊಟ್ಟಮೇಲೆ, ಒಗ್ಗರಣಿಯ ತಾಟುಗಳು ಬರುತ್ತವೆ. ಕರಗಿಸಿದ್ದು ಅಲ್ಲಿಯೇ ವಾಪಸಾಗುತ್ತದೆ.

ಆದರೂ ನಡಿಗೆ ನಿಲ್ಲದಂತೆ ನೋಡಿಕೊಳ್ಳುವುದು ಈ ನಾಲ್ವರ ಗುಂಪೇ. ರಿಪೋರ್ಟಿನ ಭಯ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಬಲ್ಲದು, ಆದರೆ ದಿನಾ ಎಬ್ಬಿಸಲಾರದು. ಬಾಗಿಲಲ್ಲಿ ‘ಮಾಮಾರ, ಎದ್ದೀರೇನ್ರಿ?’ ಎಂಬ ಕೂಗು ಎಬ್ಬಿಸುತ್ತದೆ. ಡೆಸಿ ಮತ್ತು ರಯಾನ್ ಎಂಬ ಮನೋವಿಜ್ಞಾನಿಗಳ ಪ್ರಕಾರವೂ ಪ್ರೇರಣೆ ಬಾಳಿಕೆ ಬರಲು ಮೂರು ಬೇಕು: ತನ್ನದೇ ಇಚ್ಛೆ, ತನ್ನಿಂದಾಗುತ್ತದೆಂಬ ಧೈರ್ಯ, ತನ್ನವರೆಂಬ ಬಳಗ. ಹೊಸ ರೂಢಿ ಮೈಗೂಡಲು ಸರಾಸರಿ 66 ದಿನ ಬೇಕೆಂದು ಲಂಡನ್ನಿನ ಅಧ್ಯಯನವೊಂದು ಕಂಡುಕೊಂಡಿದೆ. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ಯುಗಾದಿಗೆ ಶುರು ಮಾಡಿದವರ 66 ದಿನಗಳು ಕಾದ ಹಂಚಿನಂಥ ಬೇಸಿಗೆಯಲ್ಲಿ ಕಳೆಯುತ್ತವೆ. ದಸರೆಗೆ ಬನ್ನಿ ಹಂಚಿ ಮರುದಿನ ಹೊರಟವರದು ತಂಪಿನಲ್ಲಿ. ಈ ಸೀಮೆಗೆ ದಸರೆಯೇ ಸರಿಯಾದ ಮುಹೂರ್ತ.

ಪ್ರೇರಣೆ ಒಳಗಿಳಿದದ್ದು ಮಾತಿನಲ್ಲಿ ಗೊತ್ತಾಗುತ್ತದೆ. ಮೊದಲ ತಿಂಗಳು ಯಾರಾದರೂ ಕೇಳಿದರೆ ‘ಡಾಕ್ಟರ್ ಹೇಳ್ಯಾರ್ರಿ’ ಎಂಬ ಉತ್ತರ. ಮೂರನೇ ತಿಂಗಳಿಗೆ ಆ ಉತ್ತರದಿಂದ ಡಾಕ್ಟರು ಕಾಣೆಯಾಗಿರುತ್ತಾರೆ: ‘ಹೋಗ್ಲಿಲ್ಲಂದ್ರ ಸಮಾಧಾನ ಆಗಂಗಿಲ್ರಿ.’ ಬೂಟಿನ ಹಿಮ್ಮಡಿ ಸವೆದಿರುತ್ತದೆ. ಬಂಡಿಯ ಮುಂದೆ ನಿಲ್ಲುವುದು ತಪ್ಪಿರುವುದಿಲ್ಲ. ನಾಲ್ವರ ನಡುವೆ ತಾಟು ಮಾತ್ರ ಒಂದಾಗಿರುತ್ತದೆ.