ನಿಮ್ಮಲ್ಲಿ ಎಷ್ಟು ಸೆಂಟ್?

ಮಾರ್ಚ್ ತಿಂಗಳ ರಾತ್ರಿ, ಎರಡು ಗಂಟೆ ಹತ್ತು ನಿಮಿಷ. ಹೆಂಚಿನ ಮೇಲೆ ಮಳೆ ಬಿದ್ದ ಸದ್ದು ನನಗೆ ಕೇಳಿರಲಿಲ್ಲ, ಫೋನಿನ ಸದ್ದು ಕೇಳಿತು. ನಮ್ಮ ವಯಸ್ಸಿನವರಿಗೆ ಅಪರಾತ್ರಿಯ ಫೋನಿಗೆ ಒಂದೇ ಅರ್ಥ. ಯಾರು ಹೋದರೋ ಎಂದು ಎದೆ ಹಿಡಿದುಕೊಂಡು ಎತ್ತಿದರೆ ಆ ಕಡೆ ನಮ್ಮ ಭಾವ.

“ಮಲಗಿದ್ಯೇನೋ?”

“ಇಲ್ಲ ಭಾವ, ಹೇಳಿ,” ಎಂದೆ. ಅಕ್ಕನ ಗಂಡ, ನಿಜ ಹೇಳುವುದಕ್ಕಾಗುತ್ತದೆಯೇ?

“ನಿಮ್ಮಲ್ಲಿ ಎಷ್ಟು ಸೆಂಟ್?”

ಊರಾಚೆಯವರಿಗೆ ಇದು ಅತ್ತರಿನ ವಿಚಾರ ಅನ್ನಿಸಬಹುದು. ಸಕಲೇಶಪುರ, ಆಲೂರು ಗುಡ್ಡಗಳಲ್ಲಿ ಸೆಂಟ್ ಅಂದರೆ ಮಳೆ. ನೂರು ಸೆಂಟಿಗೆ ಒಂದು ಇಂಚು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ಕಾಫಿ ತೋಟದವರು ಮಾತ್ರ ಬಿಳಿ ದೊರೆಗಳು ಬಿಟ್ಟುಹೋದ ಲೆಕ್ಕವನ್ನು ಇನ್ನೂ ಬಿಟ್ಟಿಲ್ಲ. ಹೂಮಳೆ ಒಂದಿಂಚಾದರೂ ಬಂದರೆ ರೊಬಸ್ಟಾ ಮೊಗ್ಗು ವಾರ ಹತ್ತು ದಿನಕ್ಕೆ ಅರಳಿ ಗುಡ್ಡವೆಲ್ಲ ಬೆಳ್ಳಗಾಗುತ್ತದೆ. ಇಪ್ಪತ್ತೋ ಮೂವತ್ತೋ ಸೆಂಟ್ ಬಿದ್ದು ಕೈಕೊಟ್ಟರೆ ಮೊಗ್ಗು ಅರಳಲಾರದೆ, ಸುಮ್ಮನಿರಲಾರದೆ ಕೆಟ್ಟುಹೋಗುತ್ತದೆ. ಹಾಗಾಗಿ ಪ್ರಶ್ನೆ ಕ್ಷುಲ್ಲಕವಲ್ಲ, ಒಪ್ಪಿದೆ. ಆದರೆ ಬಿದ್ದ ಮಳೆ ಡಬ್ಬಿಯಲ್ಲೇ ಇರುತ್ತದಲ್ಲ, ಬೆಳಗ್ಗೆ ಆರು ಗಂಟೆಗೆ ಕೇಳಿದರೆ ಓಡಿಹೋಗುತ್ತದೆಯೇ?

“ಟಾರ್ಚ್ ತಗೊಂಡು ನೋಡ್ಕೊಂಡ್ ಬಾ. ನಾನು ಲೈನಲ್ಲೇ ಇರ್ತೀನಿ.”

ಬನಿಯನ್ನು, ಲುಂಗಿಯಲ್ಲಿ ಅಂಗಳಕ್ಕಿಳಿದೆ. ಡಬ್ಬಿಯ ಮೇಲೆ ಒಂದು ಕಪ್ಪೆ ಕೂತಿತ್ತು. ಅದನ್ನು ಓಡಿಸಿ, ನೀರನ್ನು ಅಳತೆಗಾಜಿಗೆ ಬಗ್ಗಿಸಿ, ಕನ್ನಡಕ ಮರೆತದ್ದು ನೆನಪಾಗಿ ಒಳಗೆ ಹೋಗಿ ತಂದು, ಮತ್ತೆ ನೋಡಿದೆ. “ಹದಿನೆಂಟು ಸೆಂಟ್, ಭಾವ.”

“ನಮ್ಮಲ್ಲಿ ಇಪ್ಪತ್ತೆರಡು!” ಎಂದವರೇ ಫೋನ್ ಇಟ್ಟರು. ನಾಲ್ಕು ಸೆಂಟ್ ಅಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಆ ಒಂದು ಮಿಲಿಮೀಟರ್ ಗೆಲುವಿನಲ್ಲಿ ಅವರಿಗೆ ನಿದ್ದೆ ಬಂತೋ ಏನೋ, ನನಗೆ ಬೆಳಗಿನವರೆಗೂ ಬರಲಿಲ್ಲ.

ನಿದ್ದೆ ಬಾರದವರದ್ದೇ ಒಂದು ಕುಲ. ಪ್ರತಿ ಊರಿನಲ್ಲೂ ಇದ್ದಾರೆ, ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ‘ನಿನ್ನೆ ರಾತ್ರಿ ಒಂದು ಗಳಿಗೆ ರೆಪ್ಪೆ ಮುಚ್ಚಿಲ್ಲ’ ಎನ್ನುವುದನ್ನು ಅವರು ಏಕಾದಶಿ ಉಪವಾಸ ಮಾಡಿದವರ ಗತ್ತಿನಲ್ಲಿ ಹೇಳುತ್ತಾರೆ. ಮಲಗಿದ ಕೂಡಲೇ ನಿದ್ದೆ ಹೋಗುವವರನ್ನು ಕಂಡರೆ ಅವರಿಗೆ ಒಳಗೊಳಗೇ ತಾತ್ಸಾರ. ಜವಾಬ್ದಾರಿ ಇದ್ದವನಿಗೆ ಹಾಗೆ ನಿದ್ದೆ ಬರುತ್ತದೆಯೇ? ಗಸಗಸೆ ಪಾಯಸ, ಅಂಗಾಲಿಗೆ ಹರಳೆಣ್ಣೆ, ಹಾಲಿಗೆ ಜಾಯಿಕಾಯಿ, ಇವರು ಮಾಡದ ಮದ್ದಿಲ್ಲ. ಗುಣ ಕಂಡ ಮದ್ದೂ ಇಲ್ಲ. ಗುಣವಾಗಿಬಿಟ್ಟರೆ ಬೆಳಗ್ಗೆ ಎದ್ದು ಹೇಳುವುದಕ್ಕೆ ಏನಿರುತ್ತದೆ?

ಒಮ್ಮೆ ಭಾವ ನಮ್ಮ ಮನೆಯಲ್ಲಿ ಉಳಿದರು. ನಮ್ಮದು ಪಾಳ್ಯದ ಕಡೆ ಮೂರೆಕರೆ ತೋಟ, ನಡುವೆ ನಾಲ್ಕು ಅಂಕಣದ ಮನೆ. ಜಗಲಿ ಕೋಣೆಯಲ್ಲಿ ಹಾಸಿಕೊಟ್ಟೆ. ಹತ್ತೂವರೆಗೆ ಶುರುವಾದ ಗೊರಕೆ ಐದರವರೆಗೆ ನಿಲ್ಲಲಿಲ್ಲ. ನಾಯಿ ಎರಡು ಸಲ ಎದ್ದು ಬೊಗಳಿತು. ಬೆಳಗ್ಗೆ ಕಾಫಿ ಲೋಟ ಹಿಡಿದು ಭಾವ, “ಹೊಸ ಜಾಗ ನೋಡು, ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡೇ ಇದ್ದೆ,” ಎಂದರು. ನಾನು ಮುಂಜಾಗ್ರತೆಯಾಗಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಹಾಕಿ ಕೇಳಿಸಿದೆ. ತಲೆ ಓರೆ ಮಾಡಿ ಗಮನವಿಟ್ಟು ಕೇಳಿದರು. “ಪಕ್ಕದ ತೋಟದವರು ರಾತ್ರಿ ಮೋಟರ್ ಬಿಟ್ಟಿದ್ರು ಅನ್ಸುತ್ತೆ,” ಎಂದರು. ನಿದ್ದೆ ಮಾಡಿಯೂ ಮಾಡಿಲ್ಲ ಅನ್ನಿಸುವುದು ವೈದ್ಯರು ಒಪ್ಪುವ ತೊಂದರೆಯೇ ಅಂತೆ, ಆಮೇಲೆ ಓದಿದೆ. ಆವತ್ತು ಗೊತ್ತಿದ್ದರೆ ಅಷ್ಟು ಕೋಪ ಬರುತ್ತಿರಲಿಲ್ಲ.

ಆದರೆ ಎಲ್ಲ ರಾತ್ರಿಯೂ ಗೊರಕೆಯ ರಾತ್ರಿಯಲ್ಲ ಅನ್ನುವುದಕ್ಕೆ ಅಕ್ಕನೇ ಸಾಕ್ಷಿ. ಅವರ ತೋಟ ಹೆತ್ತೂರಿನ ಕಡೆ, ಹನ್ನೆರಡು ಎಕರೆ ರೊಬಸ್ಟಾ. ಮೊದಲೆಲ್ಲ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಹಾಕಿ, ಅದು ಕೊಟ್ಟಾಗ ಕೊಟ್ಟಷ್ಟು ದುಡ್ಡು ತಗೊಂಡು ಬೈದುಕೊಂಡು ಮಲಗುತ್ತಿದ್ದರು. ತೊಂಬತ್ತರ ದಶಕದಲ್ಲಿ ಪೂಲ್ ಹೋಯಿತು, ಮಾರುಕಟ್ಟೆ ಬಂತು, ಆಮೇಲೆ ಆ ಮಾರುಕಟ್ಟೆ ಮೊಬೈಲಿನೊಳಗೆ ಬಂದು ಕೂತಿತು. ಭಾವನ ರೊಬಸ್ಟಾದ ರೇಟು ಲಂಡನ್ನಿನಲ್ಲಿ ನಿರ್ಧಾರವಾಗುತ್ತದೆ. ವಹಿವಾಟು ಮುಗಿಯುವಾಗ, ಅಲ್ಲಿ ಬೇಸಿಗೆಯಾದರೆ ನಮ್ಮಲ್ಲಿ ರಾತ್ರಿ ಹತ್ತು, ಚಳಿಗಾಲವಾದರೆ ಹನ್ನೊಂದು. ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ಅದು ಇನ್ನೂ ಒಂದು ಗಂಟೆ ತಡ. ಅವರ ತೋಟದಲ್ಲಿ ಅರೇಬಿಕಾ ಗಿಡ ಒಂದೂ ಇಲ್ಲ. ಆದರೂ ನ್ಯೂಯಾರ್ಕ್ ಬಾಗಿಲು ಹಾಕದೆ ಹೆತ್ತೂರಿನಲ್ಲಿ ಬಾಗಿಲು ಹಾಕುವಂತಿಲ್ಲ.

ಅದು ಮುಗಿಯಿತೆಂದರೆ ಬ್ರೆಜಿಲ್ಲಿನ ಹವಾಮಾನ. 2021ರ ಜುಲೈನಲ್ಲಿ ಅಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದಾಗ ರೇಟು ಏರಿತು. ಭಾವ ರಾತ್ರಿ ಒಂದು ಗಂಟೆಗೆ ಫೋನ್ ಮಾಡಿ ಕುಣಿದಾಡಿದರು. ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಫೋನ್. ಈ ಸಲ ದನಿ ಇಳಿದಿತ್ತು. “ಅಲ್ಲೂ ಒಬ್ಬ ನನ್ನಂಥೋನು ಎದ್ದು ಕೂತಿರ್ತಾನೆ ಕಣೋ. ಪಾಪ.” ಇಂಥ ಮನುಷ್ಯನನ್ನು ಬೈಯುವುದಾದರೂ ಹೇಗೆ?

ಮಾರುಕಟ್ಟೆಯ ಪಾಳಿ ಮುಗಿದ ಮೇಲೆ ಆನೆಯ ಪಾಳಿ. 2014ರಲ್ಲಿ ಆಲೂರಿನ ಕಡೆಯಿಂದ 22 ಕಾಡಾನೆ ಹಿಡಿದು ಸಾಗಿಸಿದಾಗ, ಇನ್ನು ನೆಮ್ಮದಿಯಾಗಿ ಮಲಗಬಹುದು ಅಂದುಕೊಂಡಿದ್ದೆವು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಈಗ ವಾಟ್ಸಾಪ್ ಗುಂಪಿನಲ್ಲಿ ಯಾವ ಆನೆ ಯಾವ ತೋಟದಲ್ಲಿದೆ ಅನ್ನುವ ಸುದ್ದಿ ರಾತ್ರಿಯಿಡೀ ಬರುತ್ತದೆ. ಬೇರೆ ಕಡೆ ನಿದ್ದೆ ಬರಲಿ ಅಂತ ಕುರಿ ಎಣಿಸುತ್ತಾರಂತೆ. ಇಲ್ಲಿ ಆನೆ ಎಣಿಸುತ್ತೇವೆ, ಇದ್ದಬದ್ದ ನಿದ್ದೆಯೂ ಹೋಗುತ್ತದೆ. ಹಲಸಿನ ಹಣ್ಣಿನ ಕಾಲದಲ್ಲಂತೂ ಭಾವ ಮೂಗಿನಲ್ಲೇ ಎಚ್ಚರವಾಗಿರುತ್ತಾರೆ: ಹಣ್ಣಿನ ವಾಸನೆ ತಮಗೆ ಬಂತೆಂದರೆ ಆನೆಗೂ ಬಂದಿರಬೇಕು ಅನ್ನುವುದು ಅವರ ಲೆಕ್ಕ.

ಸಮಾಧಾನ ಹೇಳೋಣವೆಂದು ನಾನೊಮ್ಮೆ ತಪ್ಪು ಮಾಡಿದೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಎರಡು ಹೆಣ್ಣಾನೆಗಳ ನಿದ್ದೆ ಅಳೆದು 2017ರಲ್ಲಿ ಪ್ರಕಟಿಸಿದರು, ಅವು ದಿನಕ್ಕೆ ಸರಾಸರಿ ಎರಡೇ ಗಂಟೆ ಮಲಗುತ್ತಿದ್ದವಂತೆ ಎಂದೆ. “ಮಲಗದಿದ್ರೇನಂತೆ, ಅದಕ್ಕೆ ಸೊಸೈಟಿ ಸಾಲ ಇಲ್ವಲ್ಲೋ,” ಎಂದರು.

ಹಾಸನದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದದ್ದೂ ಆಯಿತು. ನಿಮ್ಹಾನ್ಸ್‌ಗೇ ಹೋಗೋಣ ಅಂದಿದ್ದೆ. “ಅಲ್ಲಿಗೆ ಹೋದೆ ಅಂತ ಗೊತ್ತಾದ್ರೆ ಸಂತೇಲಿ ಏನಂತಾರೆ?” ಎಂದು ಬರಲಿಲ್ಲ. ಡಾಕ್ಟರು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ಲೋಟ ಕಾಫಿ? ಭಾವ ನನ್ನ ಮುಖ ನೋಡಿದರು. ಬೆಲ್ಲದ ಕಾಫಿ ಲೆಕ್ಕಕ್ಕೆ ಬರುತ್ತದೆಯೇ ಅನ್ನುವುದು ಅವರ ಅನುಮಾನ. ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ನಾವು ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ, ಅದು ತನ್ನ ಜಾಗದಲ್ಲಿ ಕೂತರೆ ನಿದ್ದೆ ಎಳೆಯುತ್ತದೆ. ಕೆಫೀನ್ ಹೋಗಿ ಆ ಜಾಗವನ್ನು ಹಿಡಿದುಬಿಡುತ್ತದೆ. ಥೇಟ್ ಸಕಲೇಶಪುರದ ಬಸ್‌ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ. ಕುಡಿದದ್ದರಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ಗಂಟೆ ಬೇಕು. ರೊಬಸ್ಟಾದಲ್ಲಂತೂ ಅರೇಬಿಕಾಕ್ಕಿಂತ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿ. ಭಾವನಿಗೆ ಇದು ಕಾಯಿಲೆಗಿಂತ ದೊಡ್ಡ ಪೆಟ್ಟು. “ಮಕ್ಕಳ ಥರ ಸಾಕಿದ ಗಿಡ, ಅದೇ ಹಿಂಗೆ ತಿರುಗಿಬಿತ್ತಲ್ಲ!”

ಡಾಕ್ಟರ ಇನ್ನೊಂದು ಸಲಹೆ ನನಗೆ ಮುಳುವಾಯಿತು. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದು ಏನಾದರೂ ಹಗುರವಾದ ಕೆಲಸ ಮಾಡಿ, ಕಣ್ಣು ಎಳೆದಾಗ ಹೋಗಿ ಮಲಗಿ ಎಂದರು. 1972ರಿಂದಲೂ ಚಾಲ್ತಿಯಲ್ಲಿರುವ, ಫಲ ಕೊಡುವ ವಿಧಾನವಂತೆ. ನನಗೆ ಫೋನ್ ಮಾಡುವುದಕ್ಕಿಂತ ಹಗುರವಾದ ಕೆಲಸ ಯಾವುದಿದೆ? ಅಲ್ಲಿಯವರೆಗೆ ಭಾವ ಸ್ವಂತ ಇಚ್ಛೆಯಿಂದ ಮಾಡುತ್ತಿದ್ದುದನ್ನು ಇನ್ನು ವೈದ್ಯರ ಅಪ್ಪಣೆಯ ಮೇರೆಗೆ ಮಾಡತೊಡಗಿದರು.

ಇಷ್ಟೆಲ್ಲ ದೂರು ಹೇಳುವ ನಾನು 2018ರ ಆಗಸ್ಟಿನದ್ದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆ ಮುಚ್ಚಿತು, ಸಕಲೇಶಪುರ-ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ಗುಡ್ಡಗಳೇ ಬಂದು ಕೂತವು. ಅಕ್ಕನ ಮನೆ ಕಡೆ ಕರೆಂಟೂ ಹೋಯಿತು, ಟವರೂ ಹೋಯಿತು. ಮೊದಲ ರಾತ್ರಿ ಫೋನ್ ಬರಲಿಲ್ಲ. ಪುಣ್ಯ, ಎಂದು ಮಗ್ಗುಲು ಬದಲಿಸಿದೆ. ಎರಡನೆಯ ರಾತ್ರಿ ಎರಡು ಗಂಟೆಗೆ ತಾನಾಗಿಯೇ ಎಚ್ಚರವಾಯಿತು. ಹೆಂಚಿನ ಮೇಲೆ ಬಿಡದ ಮಳೆ. ಅವರ ಮನೆಯ ಹಿಂದಿನ ಬರೆ ಎಷ್ಟು ಎತ್ತರ ಇದೆ ಎಂದು ಲೆಕ್ಕ ಹಾಕತೊಡಗಿದೆ. ಮೂರನೆಯ ರಾತ್ರಿ ಮಲಗಲೇ ಇಲ್ಲ. ಮಂಜರಾಬಾದ್ ಕೋಟೆಯ ಕಾವಲುಗಾರನ ಹಾಗೆ ಫೋನ್ ಮುಂದಿಟ್ಟುಕೊಂಡು ಕೂತಿದ್ದೆ. ನಾಲ್ಕನೆಯ ದಿನ ಒಬ್ಬರ ಜೀಪ್ ಹತ್ತಿ, ಬಿದ್ದ ಮರಗಳನ್ನು ಸುತ್ತುಹಾಕಿ ಅಲ್ಲಿಗೆ ಹೋದೆ. ಬಾಗಿಲಲ್ಲೇ ಅಕ್ಕ ತುಟಿಯ ಮೇಲೆ ಬೆರಳಿಟ್ಟಳು.

“ಎಬ್ಬಿಸಬೇಡ. ಮೂರು ದಿನದಿಂದ ಹಿಂಗೇ ಮಲಗವ್ರೆ. ಊಟಕ್ಕೆ ಏಳ್ತಾರೆ, ತಿರುಗಾ ಮಲಗ್ತಾರೆ.”

ಲಂಡನ್ ಇಲ್ಲ, ನ್ಯೂಯಾರ್ಕ್ ಇಲ್ಲ, ಆನೆಯ ಗುಂಪಿಲ್ಲ. ಕಂಬಳಿಯೊಳಗೆ ಮಗುವಿನ ಹಾಗೆ ಮುದುರಿಕೊಂಡಿದ್ದರು. ಸಂತೋಷವಾಗಬೇಕಿತ್ತು. ಮೂರು ರಾತ್ರಿ ನಿದ್ದೆಗೆಟ್ಟವನಿಗೆ ಬಂದದ್ದು ಸಿಟ್ಟು. ಬೇಕೆಂದೇ ಜೋರಾಗಿ ಕೆಮ್ಮಿದೆ. ಭಾವ ಕಣ್ಣು ಬಿಟ್ಟು ನನ್ನನ್ನೇ ನೋಡಿ, “ಈಗತಾನೇ ಕಣ್ಣು ಹತ್ತಿತ್ತು ಕಣೋ. ಮೂರು ದಿನದಿಂದ ರೆಪ್ಪೆ ಮುಚ್ಚಿಲ್ಲ,” ಎಂದರು.

ಈ ವರ್ಷ ಹೊಸ ಉಪಾಯವೊಂದನ್ನು ನಾನೇ ಓದಿ ಹೇಳಿಕೊಟ್ಟೆ. ಕೆನಡಾದ ಲ್ಯೂಕ್ ಬೋಡುವಾನ್ ಎಂಬ ಸಂಶೋಧಕರದ್ದು. ನಿದ್ದೆಗೆ ಜಾರುವಾಗ ಮನಸ್ಸು ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳಲ್ಲಿ ಅಲೆಯುತ್ತದೆ. ನಾವೇ ಬೇಕೆಂದು ಹಾಗೆ ಅಲೆದರೆ ಚಿಂತೆಯ ಎಳೆ ತುಂಡಾಗಿ ನಿದ್ದೆ ಬರುತ್ತದೆ ಅನ್ನುವುದು ಅವರ ವಾದ. ಒಂದು ಅಕ್ಷರ ಹಿಡಿದುಕೊಳ್ಳಬೇಕು, ಅದರಿಂದ ಶುರುವಾಗುವ ವಸ್ತುಗಳನ್ನು ಒಂದೊಂದಾಗಿ ಕಣ್ಣ ಮುಂದೆ ತಂದುಕೊಳ್ಳಬೇಕು. ಮೂವತ್ತೆರಡು ವರ್ಷ ಕನ್ನಡ ಮೇಷ್ಟರಾಗಿದ್ದವನ ಚಪಲ. ಸುಮ್ಮನೆ ಒಂದು ಅಕ್ಷರ ಯಾಕೆ, ಕಾಗುಣಿತವನ್ನೇ ಹಿಡಿಯಿರಿ ಎಂದೆ.

ಆ ರಾತ್ರಿಯೇ ಫಲಿತಾಂಶ ಬಂತು. “ಬರ್ಕೋ,” ಎಂದರು. “ಕ, ಕರೆಂಟು. ಕಾ, ಕಾಡಾನೆ. ಕಿ, ಕಿಸ್ತು. ಕೀ, ಕೀಟ. ಕು, ಕುಯ್ಲು, ಅದಕ್ಕೆ ಜನ ಇಲ್ಲ. ಕೂ, ಕೂಲಿ, ಜನ ಸಿಕ್ಕಿದ್ರೆ ಕೊಡೋಕೆ ಅದಿಲ್ಲ. ಕೃ, ಕೃಷಿ ಸಾಲ. ಕೆ, ಕೆರೆ ಏರಿ ಒಡೆದದ್ದು. ಕೇ, ಕೇಸು. ಕೈ, ಕೈಸಾಲ. ಕೊ, ಕೊಳೆರೋಗ. ಕೋ, ಕೋರ್ಟು. ಕೌ ಅಂದ್ರೆ ಇಂಗ್ಲಿಷ್ ದನ, ಕೊಟ್ಟಿಗೇಲಿ ಅದೂ ಇಲ್ಲ.” ಕಂ ಬಂದಾಗ ಸ್ವಲ್ಪ ಹೊತ್ತು ನಿಂತರು. “ಕಂ, ಕಂದ,” ಎಂದರು. ಕಂದನಿಗೆ ಮೂವತ್ತನಾಲ್ಕು ವರ್ಷ. ಬೆಂಗಳೂರಿನಲ್ಲಿ ಕಂಪನಿ ಕೆಲಸ. ತೋಟಕ್ಕೆ ಬರುತ್ತೇನೆ ಎಂದೂ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ.

ನಾನೂ ಸುಮ್ಮನಿದ್ದೆ.

“ಕಃಗೆ ಏನೂ ಸಿಗಲಿಲ್ಲ ಕಣೋ. ನೀನು ಮೇಷ್ಟ್ರು, ನೀನೇ ಹೇಳು.”

ನನಗೂ ಹೊಳೆಯಲಿಲ್ಲ. ದುಃ ಅಂದರೆ ದುಃಖವಿದೆ, ಅಂತಃ ಅಂದರೆ ಅಂತಃಕರಣವಿದೆ. ಕಃ? ಸಾವಿರಾರು ಮಕ್ಕಳಿಗೆ ಕಂ ಕಃ ಎಂದು ಕೂಗಿಸಿದ್ದೇನೆ, ಆ ಕಃ ಯಾವ ಪದಕ್ಕೆ ಬೇಕು ಎಂದು ಒಂದು ದಿನ ಯೋಚಿಸಿರಲಿಲ್ಲ. ನಾಳೆ ನೋಡಿ ಹೇಳ್ತೀನಿ ಭಾವ ಎಂದು ಫೋನ್ ಇಟ್ಟು, ನಿಘಂಟು ತೆಗೆದೆ. ಹೆಂಡತಿ ಮಗ್ಗುಲಾಗಿ, “ನಿಮಗೂ ಹತ್ತಿತಾ?” ಎಂದಳು. ಎದ್ದು ಬಂದು ಲೈಟ್ ಆರಿಸಿದಳು. ಕತ್ತಲಲ್ಲಿ ಕಃ ಕಃ ಎಂದುಕೊಳ್ಳುತ್ತ ಮಲಗಿದ್ದೆ, ಹೊರಗಿನವರು ಕೇಳಿದ್ದರೆ ಕೆಮ್ಮು ಅಂದುಕೊಳ್ಳುತ್ತಿದ್ದರು.

ಮೂರನೆಯ ರಾತ್ರಿ ಗುಡುಗಿತು. ಮಳೆ ಅರ್ಧ ಗಂಟೆ ಹೊಡೆದು ನಿಂತಿತು. ಎರಡೂವರೆಗೆ ಫೋನ್.

“ಕಃ ಸಿಕ್ತು ಕಣೋ!”

“ಏನು ಭಾವ?”

“ಕಃಪದಾರ್ಥ.”

“ಯಾರು?”

“ಇನ್ಯಾರು? ಲಂಡನ್ ನೋಡ್ಕೊಂಡು, ಆನೆ ನೋಡ್ಕೊಂಡು, ಇಡೀ ಗುಡ್ಡ ತನ್ನ ತಲೆ ಮೇಲೇ ನಿಂತದೆ ಅಂತ ಕೂತವ್ನಲ್ಲ, ಅವ್ನು.” ಒಂದು ಸಲ ನಕ್ಕರು. ಆ ಕಡೆ ಅಕ್ಕ ಏನೋ ಗೊಣಗಿದ್ದು ಕೇಳಿಸಿತು. “ಅದಿರ್ಲಿ, ನಿಮ್ಮಲ್ಲಿ ಎಷ್ಟು ಸೆಂಟ್?”

“ಎಂಬತ್ತನಾಲ್ಕು,” ಎಂದೆ. ಟಾರ್ಚ್ ಹಿಡಿದು ಆಗಲೇ ನೋಡಿಕೊಂಡು ಬಂದಿದ್ದೆ.