ಅಧ್ಯಕ್ಷರ ಪಾರ್ಕು

ಬೆಂಗಳೂರಿನ ಯಾವ ಹೊಸ ಬಡಾವಣೆಗೆ ಹೋದರೂ ಮೂರು ಸಿಕ್ಕೇ ಸಿಗುತ್ತವೆ: ಅಗೆದು ಹಾಗೇ ಬಿಟ್ಟ ರಸ್ತೆ, ನೀರಿನ ಟ್ಯಾಂಕರು ಮತ್ತು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಮೊದಲೆರಡರ ಬಗ್ಗೆ ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಹಾಗೆ ಬರೆದು ಕಳಿಸುವವರೇ ಈ ಮೂರನೆಯವರು. ಬ್ಯಾಂಕಿನಲ್ಲೋ ಎಚ್‌ಎಂಟಿಯಲ್ಲೋ ಲೋಕೋಪಯೋಗಿ ಇಲಾಖೆಯಲ್ಲೋ ಮೂವತ್ತೈದು ವರ್ಷ ಸಹಿ ಹಾಕಿ ಬಂದವರು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಅಮೆರಿಕದಿಂದ ಮಗ ತಂದುಕೊಟ್ಟ ಬೂಟು, ಕಂಕುಳಲ್ಲಿ ಫೈಲು. ನಿವೃತ್ತರಾದ ಮರುದಿನವೇ ಅವರಿಗೊಂದು ಆಫೀಸು ಬೇಕಾಗುತ್ತದೆ. ಬಡಾವಣೆಗೆ ಒಂದು ಪಾರ್ಕು ಬೇಕಾಗಿರುತ್ತದೆ. ಎರಡೂ ಒಂದೇ ನಿವೇಶನದಲ್ಲಿ ಆಗಿಹೋಗುತ್ತವೆ. ಇಂಥವರಿಲ್ಲದೆ ನಮ್ಮ ಊರಿನಲ್ಲಿ ಪಾರ್ಕು ಹುಟ್ಟುವುದಿಲ್ಲ, ಇಂಥವರ ಕೈಯಲ್ಲೇ ಉಳಿದರೆ ಬೆಳೆಯುವುದಿಲ್ಲ. ಅವರ ಸಮಸ್ಯೆಯೂ ನಮ್ಮ ಸಮಸ್ಯೆಯೂ ಇದೇ.

ಮೊದಲು ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಬಡಾವಣೆಯ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನಕ್ಕೂ ಆಟದ ಮೈದಾನಕ್ಕೂ ಮೀಸಲು. ಉದ್ಯಾನ, ಮೈದಾನಗಳನ್ನು ಕಾಯಲೆಂದೇ 1985ರಲ್ಲಿ ರಾಜ್ಯ ಇನ್ನೊಂದು ಕಾಯ್ದೆ ಮಾಡಿತು. ಆದರೆ ನಕ್ಷೆಯಲ್ಲಿ ಹಸಿರಾಗಿರುವ ಜಾಗ ನೆಲದ ಮೇಲೆ ಬೂದು ಬಣ್ಣಕ್ಕಿರುತ್ತದೆ. ಅಲ್ಲಿ ಯಾರದೋ ಎಂ ಸ್ಯಾಂಡು, ಯಾರದೋ ಜಲ್ಲಿ, ರಾತ್ರೋರಾತ್ರಿ ಉದ್ಭವವಾದ ಒಂದು ಪುಟ್ಟ ಗುಡಿ. ಇವನ್ನೆಲ್ಲ ಎಬ್ಬಿಸಲು ಕವಿಹೃದಯ ಸಾಲದು, ಫೈಲೇ ಬೇಕು. ಮಾಹಿತಿ ಹಕ್ಕಿನ ಅರ್ಜಿ, ಸರ್ವೆ ನಕ್ಷೆ, ನೆನಪೋಲೆ, ನೆನಪೋಲೆಯನ್ನು ನೆನಪಿಸುವ ಓಲೆ, ಪ್ರತಿ ಓಲೆಯ ಕೆಳಗೂ ಮಂತ್ರಿಗಳವರೆಗಿನ ‘ಪ್ರತಿ: ಮಾಹಿತಿಗಾಗಿ’. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಕೋರ್ಟಿಗೆ ಹೋದವರು ಅಲ್ಲಿನ ನಿವಾಸಿಗಳೇ. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಫೈಲು ಕಟ್ಟಿಡುವವರನ್ನು ನೋಡಿ ನಗುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ನಗೆ ಶುರುವಾಗುವುದು ಗೆದ್ದ ಮೇಲೆ. ಜಾಗ ಕೈಗೆ ಬಂದ ಕೂಡಲೇ ಅಧ್ಯಕ್ಷರಿಗೆ ಮರಗಳ ಮೇಲೆ ಅನುಮಾನ ಹುಟ್ಟುತ್ತದೆ. ಹೊಂಗೆ ನೆಡೋಣವೆಂದರೆ ಎಲೆ ಉದುರುತ್ತದೆ, ನೇರಳೆಯೆಂದರೆ ನೆಲ ಕಲೆಯಾಗುತ್ತದೆ, ಅತ್ತಿಯೆಂದರೆ ಹಕ್ಕಿ ಬಂದು ಕೆಳಗೆ ನಿಂತ ಕಾರಿನ ಮೇಲೆ ತನ್ನ ಅಭಿಪ್ರಾಯ ಸೂಚಿಸಿ ಹೋಗುತ್ತದೆ. ಕೊನೆಗೆ ಮಂಜೂರಾಗುವುದು ಸಾಲಾಗಿ ಅಲಂಕಾರದ ತಾಳೆ. ಅದು ನೆರಳು ಕೊಡದಿದ್ದರೂ ಸೆಲ್ಯೂಟ್ ಹೊಡೆದ ಭಂಗಿಯಲ್ಲಿ ನಿಂತಿರುತ್ತದೆ, ಅಷ್ಟು ಸಾಕು. ಸುತ್ತ ಡುರಾಂಟದ ಬೇಲಿ, ಬೇಲಿಯ ಸುತ್ತ ಈಟಿಯ ಮೊನೆಯ ಗ್ರಿಲ್ಲು. ಒಳಗೆ ಸಿಮೆಂಟಿನ ಜಿಂಕೆ, ಬಾಯಿ ತೆರೆದು ಕಸ ಬೇಡುವ ಪೆಂಗ್ವಿನ್, ಉದ್ಘಾಟನೆಯ ದಿನ ಚಿಮ್ಮಿ ಆಮೇಲೆ ಮೌನವ್ರತ ಹಿಡಿದ ಕಾರಂಜಿ. ಶಾಸಕರ ಹೆಸರಿನ ಗ್ರಾನೈಟ್ ಫಲಕಕ್ಕೆ ಸಿಕ್ಕಷ್ಟು ಜಾಗ ಗುಲಾಬಿ ಪಾತಿಗೂ ಸಿಕ್ಕಿರುವುದಿಲ್ಲ. ಉಳಿದ ನೆಲಕ್ಕೆಲ್ಲ ಪೇವರ್ ಕಲ್ಲು ಹಾಸಿ, ಮಳೆನೀರು ಇಂಗದಂತೆ ನೋಡಿಕೊಂಡು, ಆ ಬಳಿಕ ಗಿಡಗಳಿಗಾಗಿ ಬೋರ್‌ವೆಲ್ ಕೊರೆಸಲು ಮನವಿ ಬರೆಯಲಾಗುತ್ತದೆ.

ಇಷ್ಟಾದ ಮೇಲೆ ನಿಯಮಗಳ ಫಲಕ. ಚೆಂಡಾಟ ಇಲ್ಲ, ಹುಲ್ಲಿನ ಮೇಲೆ ಕೂರುವಂತಿಲ್ಲ, ತಿಂಡಿ ತರುವಂತಿಲ್ಲ, ಜೋಡಿಯಾಗಿ ಬಹಳ ಹೊತ್ತು ಇರುವಂತಿಲ್ಲ. ಇಂದಿರಾನಗರದ ಒಂದು ಪಾರ್ಕಿನಲ್ಲಿ ಓಡುವುದನ್ನೂ ಅಪ್ರದಕ್ಷಿಣೆಯಾಗಿ ನಡೆಯುವುದನ್ನೂ ನಿಷೇಧಿಸಿದ್ದ ಫಲಕ 2024ರಲ್ಲಿ ದೇಶಕ್ಕೆಲ್ಲ ನಗೆಯ ಸರಕಾಯಿತು. ಅದಕ್ಕಿಂತ ಗಂಭೀರವಾದದ್ದು ಮಧ್ಯಾಹ್ನ ಬೀಳುವ ಬೀಗ. ಮಧ್ಯಾಹ್ನ ನೆರಳು ಬೇಕಾದವರು ಯಾರು? ಎರಡು ಮನೆಗಳ ಪಾತ್ರೆಯ ನಡುವೆ ಅರ್ಧ ಗಂಟೆ ಸಿಗುವ ಮನೆಗೆಲಸದ ಹೆಂಗಸರು, ಎರಡು ಆರ್ಡರುಗಳ ನಡುವೆ ಕಾಯುವ ಡೆಲಿವರಿ ಹುಡುಗರು, ಪಕ್ಕದ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಗಾರೆ ಕೆಲಸದವರು. ಹೀಗೆ ಹೊರಗುಳಿದವರಲ್ಲಿ ಈ ನೆಲದ ಹಳಬರೂ ಇದ್ದಾರೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಮಹಾನಗರ ಪಾಲಿಕೆಯನ್ನು ಬೃಹತ್ ಮಾಡಿದರು. ಆ ಹಳ್ಳಿಗಳಿಗೆ ಗೋಮಾಳವಿತ್ತು, ದಾರಿಹೋಕರಿಗೆ ನೆರಳಾದ ಗುಂಡುತೋಪಿತ್ತು. ಅಲ್ಲಿ ಹಸು ಮೇಯಿಸಿದ ಅಜ್ಜಿ ಈಗ ಗ್ರಿಲ್ಲಿನ ಹೊರಗೆ ನಿಂತರೆ ಅಧ್ಯಕ್ಷರು ಕಾವಲುಗಾರನನ್ನು ಕೂಗಿ, “ಯಾರಪ್ಪಾ ಅದು, ಹೊರಗಿನವರು?” ಎಂದು ವಿಚಾರಿಸುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ ಇರಬೇಕು.

ಅಧ್ಯಕ್ಷರ ವಾದವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. “ಬಾಗಿಲು ತೆರೆದಿಟ್ಟರೆ ಕುಡುಕರು ಬರ್ತಾರೆ ಸ್ವಾಮಿ, ಬಾಟಲಿ ಆರಿಸೋರು ಯಾರು?” ಎನ್ನುತ್ತಾರೆ. ಬಾಟಲಿ ಬೀಳುವುದು ನಿಜ. ಆದರೆ ಅದು ಬೀಳುವುದು ರಾತ್ರಿ, ಬರುವುದು ಗ್ರಿಲ್ಲು ಹಾರಿ. ಬೀಗ ಬೀಳುವುದು ಹಾಡುಹಗಲು, ತಡೆಯುವುದು ಗೇಟಿನಿಂದ ಬರುವವರನ್ನು. ಹೆಂಗಸರು ಮಕ್ಕಳು ಓಡಾಡುವ ಜಾಗದಲ್ಲಿ ಬಾಟಲಿ ಬಿಚ್ಚಲು ಕುಡುಕನಿಗೂ ಸಂಕೋಚವಾಗುತ್ತದೆ, ಖಾಲಿ ಪಾರ್ಕೇ ಅವನಿಗೆ ಪ್ರಶಸ್ತ. 2024ರಲ್ಲಿ ಪಾಲಿಕೆ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕುಗಳನ್ನು ತೆರೆದಿಡುವುದಾಗಿ ಹೇಳಿದ ಮೇಲೆ ಈ ಚರ್ಚೆ ಮುಗಿಯಬೇಕಿತ್ತು. ಅಧ್ಯಕ್ಷರಿಗೆ ಆದೇಶದ ದೃಢೀಕೃತ ಪ್ರತಿ ಇನ್ನೂ ತಲುಪಿಲ್ಲ. ಬೆಂಚಿನ ಮೇಲೆ ಮಲಗುತ್ತಾರೆಂಬುದು ಅವರ ಇನ್ನೊಂದು ದೂರು. 1870ರಲ್ಲಿ ಹುಟ್ಟಿದ ಕಬ್ಬನ್ ಪಾರ್ಕಿನ ನೆರಳಲ್ಲಿ ಎಷ್ಟು ತಲೆಮಾರಿನವರು ನಿದ್ದೆ ತೆಗೆದಿದ್ದಾರೋ, ಪಾರ್ಕೇನೂ ಸವೆದುಹೋಗಿಲ್ಲ. “ತೆರಿಗೆ ಕಟ್ಟೋರು ನಾವು” ಎಂಬುದು ಅವರ ಕಡೆಯ ಅಸ್ತ್ರ. ಪಿ.ಜಿ.ಯ ಹುಡುಗಿ ಕೊಡುವ ಬಾಡಿಗೆಯಲ್ಲೇ ಮಾಲೀಕರ ಆಸ್ತಿ ತೆರಿಗೆ ಅಡಗಿರುವುದನ್ನು ಬ್ಯಾಂಕಿನಲ್ಲಿ ದುಡಿದವರಿಗೆ ವಿವರಿಸಬೇಕಾಗಿಲ್ಲ.

ಇವರಿಗೆ ಇಷ್ಟು ಅಧಿಕಾರ ಬಂದದ್ದಾದರೂ ಹೇಗೆ? ಇವರು ಕಸಿದುಕೊಂಡದ್ದಲ್ಲ, ಬೇರೆಯವರು ಬಿಟ್ಟುಹೋದದ್ದು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೀದಿ ದೀಪ ಕೆಟ್ಟರೆ ಕೇಳಲು ಕಾರ್ಪೊರೇಟರ್ ಇರಲಿಲ್ಲ, ಅಧ್ಯಕ್ಷರಿದ್ದರು. ಸಂಘದಲ್ಲಿ ಇವರು ಪ್ರತಿ ವರ್ಷ ಸರ್ವಾನುಮತದಿಂದ ಆಯ್ಕೆಯಾಗುತ್ತಾರೆ, ಏಕೆಂದರೆ ಬೇರೆ ಯಾರಿಗೂ ಅದು ಬೇಡ. ಸಭೆಗೆ ಬಾರದ ನಾವು ಅವರನ್ನು ಸರ್ವಾಧಿಕಾರಿಯೆಂದು ಬೈಯುವುದೂ ಅಷ್ಟೊಂದು ಮರ್ಯಾದೆಯ ಕೆಲಸವಲ್ಲ. ಹಾಗಾಗಿ ಅವರನ್ನು ಇಳಿಸುವುದು ಬೇಡ, ಅಧಿಕಾರವನ್ನು ಪಾಲು ಮಾಡೋಣ. ಪಾರ್ಕಿನ ಹೊತ್ತುಗೊತ್ತು, ಆಟ, ಮರಗಳ ವಿಚಾರವನ್ನು ಅದನ್ನು ಬಳಸುವವರು ಕೂತು ತೀರ್ಮಾನಿಸಲಿ. ಆ ಸಭೆಯಲ್ಲಿ ಮಾಲಿಯೂ ಇರಲಿ, ಮನೆಗೆಲಸದಾಕೆಯೂ ಇರಲಿ, ಚೆಂಡು ಕಳೆದುಕೊಂಡ ಹುಡುಗರೂ ಇರಲಿ. ಬೀಗದ ಕೈ ಅವರ ಬಳಿಗೆ ಹೋಗಲಿ, ಫೈಲು ಮಾತ್ರ ಅಧ್ಯಕ್ಷರ ಕಂಕುಳಲ್ಲೇ ಉಳಿಯಲಿ. ಪಕ್ಕದ ಬಡಾವಣೆಯಲ್ಲಿ ಉದ್ಯಾನದ ನಿವೇಶನವೊಂದು ಯಾರದೋ ಜಲ್ಲಿಯ ರಾಶಿಯ ಅಡಿಯಲ್ಲಿ ಬಿದ್ದಿದೆ. ಅದನ್ನು ಬಿಡಿಸಿ ತರಬಲ್ಲವರು ಇವರೊಬ್ಬರೇ, ನೆನಪೋಲೆಗಳಿಗೆ ಕಾಗದ ನಾವು ಒದಗಿಸೋಣ.