ಕಡತಚಲನಸೂತ್ರಗಳು, ವೃತ್ತಿಸಹಿತ

ಸರ್ಕಾರಿ ಕಚೇರಿಗೆ ಬಂದ ಅರ್ಜಿ ಆದೇಶವಾಗಿ ಹೊರಬೀಳುವವರೆಗೆ ತಳೆಯುವ ರೂಪವೇ ಕಡತ. ಅದರ ಸ್ಥಿತಿ, ಗತಿ, ಲಯಗಳನ್ನು ವಿವರಿಸುವುದು ಕಡತಚಲನಶಾಸ್ತ್ರ. ಕಂಪ್ಯೂಟರು ಬಂದ ಮೇಲೆ ಈ ಶಾಸ್ತ್ರ ಅಪ್ರಸ್ತುತವಾಯಿತೆಂಬ ಅಭಿಪ್ರಾಯ ಕೆಲವರಲ್ಲಿದೆ. ಸದರಿ ಅಭಿಪ್ರಾಯ ಪರಿಶೀಲನೆಯಲ್ಲಿದೆ. ಅಷ್ಟರೊಳಗೆ, ಸ್ವಯಂಚಾಲಿತ ಕಚೇರಿಗೂ ಅನ್ವಯಿಸುವಂತೆ ಪರಿಷ್ಕರಿಸಿದ ಏಳು ಸೂತ್ರಗಳನ್ನು ಇಲ್ಲಿ ಕೊಡಲಾಗಿದೆ.

ಸೂತ್ರ 1: ಬರೆದದ್ದು ಅಳಿಸುವಂತಿರಬೇಕು.

ವೃತ್ತಿ: ಕನ್ನಡನಾಡಿನ ಹಳೆಯ ಕಡತ ಬಟ್ಟೆಯದು. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು 19ನೇ ಶತಮಾನದ ಆರಂಭದಲ್ಲೇ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಸುಪರಿಚಿತ. ಕಾಗದ ಮತ್ತು ಶಾಯಿ ಬಂದು ಈ ಸೌಕರ್ಯ ತಪ್ಪಿತು. ಅಲ್ಲಿಂದ ಮುಂದೆ ಅಧಿಕಾರಿಗಳು ಅಳಿಸದೆಯೇ ಅರ್ಥ ಕಳೆದುಕೊಳ್ಳುವ ವಾಕ್ಯಗಳನ್ನು ರೂಢಿಸಿಕೊಳ್ಳಬೇಕಾಯಿತು. 'ನಿಯಮಾನುಸಾರ ಕ್ರಮ ವಹಿಸಿ' ಎಂಬುದು ಈ ಶೈಲಿಯ ಶಿಖರ: ಕ್ರಮ ವಹಿಸಿದರೆ ಅದು ಆದೇಶ, ಆಕ್ಷೇಪ ಬಂದರೆ ಎಚ್ಚರಿಕೆ.

ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಇ-ಆಫೀಸ್ ತಂತ್ರಾಂಶ ಹಳೆಯ ಸೌಕರ್ಯವನ್ನು ಅರ್ಧ ಮರಳಿಸಿದೆ. ಇದರಲ್ಲಿ ಹಳದಿ ಟಿಪ್ಪಣಿಯನ್ನು ತಿದ್ದಬಹುದು, ಬಿಸಾಡಬಹುದು. ಹಸಿರು ಟಿಪ್ಪಣಿ ಒಮ್ಮೆ ಮುಂದೆ ಹೋದರೆ ಅಳಿಯದು. ಆದ್ದರಿಂದ ಅಭಿಪ್ರಾಯವನ್ನು ಹಳದಿಯಲ್ಲಿ ಬರೆದು, 'ಮಾನ್ಯರ ಆದೇಶಕ್ಕಾಗಿ ಸಲ್ಲಿಸಿದೆ' ಎಂಬುದನ್ನಷ್ಟೇ ಹಸಿರಿನಲ್ಲಿ ಕಳಿಸುವುದು ಶಾಸ್ತ್ರಸಮ್ಮತ.

ಸೂತ್ರ 2: ಸಹಿ ಹೆಚ್ಚಿದಷ್ಟೂ ಹೊಣೆ ಹಗುರ.

ವೃತ್ತಿ: ಸಚಿವಾಲಯದಲ್ಲಿ ಕಡತವು ಸಹಾಯಕ, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಕಾರ್ಯದರ್ಶಿ ಎಂಬ ಕ್ರಮದಲ್ಲಿ ಏರುತ್ತದೆ. ಪಾಮರರು ಇದನ್ನು ಐದು ಹಂತದ ಪರಿಶೀಲನೆ ಎಂದು ತಿಳಿಯುತ್ತಾರೆ. ಇದು ವಾಸ್ತವವಾಗಿ ಐದು ಪಾಲಿನ ವಿಭಾಗಪತ್ರ. ನಾಳೆ ಆಡಿಟ್ ಆಕ್ಷೇಪಣೆ ಬಂದರೆ ಒಬ್ಬೊಬ್ಬರ ಪಾಲಿಗೆ ಐದರಲ್ಲೊಂದು. ಕೆಳಗಿನವರು 'ಮೇಲಿನವರು ಒಪ್ಪಿದ್ದಾರೆ' ಎನ್ನುತ್ತಾರೆ; ಮೇಲಿನವರು 'ಕೆಳಗಿನವರು ಪರಿಶೀಲಿಸಿದ್ದಾರೆ' ಎನ್ನುತ್ತಾರೆ. ಯಂತ್ರಕ್ಕೆ ಆಡಿಟ್ಟಿನ ಭಯವೂ ಇಲ್ಲ, ಪಿಂಚಣಿಯ ಆಸೆಯೂ ಇಲ್ಲ. ಹೀಗಾಗಿ ಅದು ಪಾಲುದಾರನಾಗಲು ಅನರ್ಹ. ಸ್ವಯಂಚಾಲನೆಗೆ ದಕ್ಕುವುದು ಒಂದು ಸಹಿಯಿಂದ ಇನ್ನೊಂದು ಸಹಿಯವರೆಗಿನ ದಾರಿ ಮಾತ್ರ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ರೂಢಿ ಅದಕ್ಕೆ ಪೂರಕ ವಿಧಿಯೊಂದನ್ನು ಸೇರಿಸಿತು. ಡಿಜಿಟಲ್ ಸಹಿಯಾದ ಪತ್ರವನ್ನು ಪ್ರಿಂಟ್ ತೆಗೆದು, ಶಾಯಿಯಲ್ಲಿ ಸಹಿ ಮಾಡಿ, ಮೊಹರೊತ್ತಿ, ಸ್ಕ್ಯಾನ್ ಮಾಡಿ, ಮತ್ತೆ ಅಪ್‌ಲೋಡ್ ಮಾಡತಕ್ಕದ್ದು. ಇದಕ್ಕೆ ಕಾಗದರಹಿತ ಕಚೇರಿ ಎಂದು ಹೆಸರು.

ಸೂತ್ರ 3: ಕೂರುವುದನ್ನು ಅಳೆದರೆ ಅಲೆಯುವುದು ಹುಟ್ಟುತ್ತದೆ.

ವೃತ್ತಿ: ಕಾಗದದ ಕಾಲದಲ್ಲಿ ಕಡತದ ಸಹಜಧರ್ಮ ಕೂರುವುದು. ಬೀರುವಿನ ತಲೆ, ಕಿಟಕಿಯ ಕಟ್ಟೆ, ರಜೆ ಹೋದ ನೌಕರನ ಮೇಜಿನ ಖಾನೆ ಇವು ಅದರ ಪ್ರಸಿದ್ಧ ಪೀಠಗಳು. ತಂತ್ರಾಂಶ ಬಂದ ಮೇಲೆ ಯಾವ ಕಡತ ಯಾರ ಬಳಿ ಎಷ್ಟು ದಿನದಿಂದ ಇದೆಯೆಂಬುದು ಪರದೆಯ ಮೇಲೆ ಕಾಣತೊಡಗಿತು. ಕೂರುವುದು ದೋಷವೆನಿಸಿತು. ಅಲೆಯುವುದೂ ದೋಷವೆಂದು ಯಾರೂ ಸೇರಿಸಲಿಲ್ಲ. ಕಡತ ಚುರುಕಾಯಿತು.

ಬೆಳಗ್ಗೆ ಮೇಲೆ ಹೋದದ್ದು 'ಚರ್ಚಿಸಿ' ಎಂಬ ಒಂದೇ ಪದದೊಡನೆ ಮಧ್ಯಾಹ್ನ ಕೆಳಗಿಳಿಯುತ್ತದೆ. ಸಂಜೆ 'ಚರ್ಚಿಸಿದಂತೆ' ಎಂಬ ಷರಾದೊಡನೆ ಮತ್ತೆ ಏರುತ್ತದೆ. ಚರ್ಚಿಸಿದ್ದೇನೆಂಬುದು ಎರಡರಲ್ಲೂ ಇರುವುದಿಲ್ಲ. ಆರ್ಥಿಕ ಇಲಾಖೆ 'ಕಾನೂನು ಇಲಾಖೆಯ ಅಭಿಪ್ರಾಯದೊಂದಿಗೆ ಮಂಡಿಸಿ' ಎನ್ನುತ್ತದೆ. ಕಾನೂನು ಇಲಾಖೆ 'ಆಡಳಿತ ಇಲಾಖೆಯ ಸ್ಪಷ್ಟ ಅಭಿಪ್ರಾಯ ಕಂಡುಬರುವುದಿಲ್ಲ' ಎಂದು ಹಿಂದಿರುಗಿಸುತ್ತದೆ. ಯಾರ ಲೆಕ್ಕದಲ್ಲೂ ಒಂದು ದಿನಕ್ಕಿಂತ ಹೆಚ್ಚು ಬಾಕಿಯಿಲ್ಲ. ಅರ್ಜಿದಾರನ ಲೆಕ್ಕದಲ್ಲಿ ಆರು ತಿಂಗಳು.

ಹೀಗೆ ಊರ್ಧ್ವಗತಿ, ಅಧೋಗತಿ, ತಿರ್ಯಗ್ಗತಿ ಎಂದು ಚಲನೆ ಮೂರು ಬಗೆ. ಈ ಮೂರರಿಂದ ಬಳಲಿದ ಕಡತವನ್ನು ಕೂರಿಸಲೆಂದೇ ಇ-ಆಫೀಸಿನಲ್ಲಿ 'ಪಾರ್ಕ್' ಮಾಡುವ ಅನುಕೂಲವಿದೆ. ಹಳೆಯ ಬೀರು ಇದರಿಂದ ವಿಧಿವತ್ತಾಗಿ ಪುನಃಸ್ಥಾಪಿತವಾಯಿತು.

ಸೂತ್ರ 4: ನಿಷ್ಕಾರಣ ವಿಳಂಬವಿಲ್ಲ.

ವೃತ್ತಿ: ಹಿಂದಿನ ಕಾರಣ 'ಸಾಹೇಬರು ಮೀಟಿಂಗಿನಲ್ಲಿದ್ದಾರೆ'. ಇಂದಿನದು 'ಸರ್ವರ್ ಡೌನ್'. ಸಾಹೇಬರನ್ನು ಬಾಗಿಲಲ್ಲಿ ಕಾದು ಹಿಡಿಯಬಹುದಿತ್ತು.

ಸೂತ್ರ 5: ಗಡುವು ಕಾಯುವುದು ಗಡುವನ್ನೇ.

ವೃತ್ತಿ: ಕರ್ನಾಟಕದ 2011ರ ಸಕಾಲ ಅಧಿನಿಯಮ 2012ರ ಏಪ್ರಿಲ್‌ನಿಂದ ರಾಜ್ಯಾದ್ಯಂತ ಜಾರಿಯಾಯಿತು. ಅರ್ಜಿಗೆ 15 ಅಂಕಿಗಳ ಸಂಖ್ಯೆ, ಸೇವೆಗೆ ಇಂತಿಷ್ಟು ದಿನ, ತಪ್ಪಿದರೆ ನಾಗರಿಕನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಸರಳ ಭಾಗಾಕಾರದಿಂದ 25 ಎಂಬ ಸಂಖ್ಯೆ ದೊರೆಯುತ್ತದೆ. ತಡವಾದ 25ನೆಯ ದಿನದವರೆಗೆ ವಿಳಂಬಕ್ಕೆ ಬೆಲೆಯಿದೆ. 26ನೆಯ ದಿನದಿಂದ ಅದು ಪುಕ್ಕಟೆ. ಗಡುವಿನೊಳಗೆ ಮುಗಿಸಲೇಬೇಕೆಂಬ ನಿಷ್ಠರಿಗೆ ಇನ್ನೊಂದು ಮಾರ್ಗವುಂಟು. 'ದಾಖಲೆಗಳು ಅಪೂರ್ಣ' ಎಂಬ ಹಿಂಬರಹ ಕೊಟ್ಟರೂ ಅರ್ಜಿ ವಿಲೇವಾರಿಯಾದಂತೆಯೇ. ಕೊಟ್ಟದ್ದು ಸೇವೆಯೋ ಹಿಂಬರಹವೋ ಎಂಬ ಭೇದ ಗಡುವಿಗೆ ತಿಳಿಯದು.

ಸೂತ್ರ 6: ಭೂಮಿ ನಿಪಾತ.

ವೃತ್ತಿ: ಸೂತ್ರಕ್ಕೆ ಒಗ್ಗದ ಪ್ರಯೋಗಗಳನ್ನು ವೈಯಾಕರಣರು ನಿಪಾತವೆಂದು ಬದಿಗಿಡುತ್ತಾರೆ. ಕಂದಾಯ ಇಲಾಖೆಯ 'ಭೂಮಿ' ಯೋಜನೆ ಅಂಥದು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಸೇರಿದವು. ರೈತ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ; ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಮ್ಯುಟೇಷನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳುವಂತೆ ತಂತ್ರಾಂಶ ಕಟ್ಟುಮಾಡಿತು, ನೌಕರನ ಗುರುತಿಗೆ ಬೆರಳಚ್ಚು ಬೇಕಾಯಿತು. ಇಲ್ಲಿ ಕಡತ ಹೊರುವ ಕೆಲಸಕ್ಕಿಂತ ಹೆಚ್ಚಿನದನ್ನು ಯಂತ್ರಕ್ಕೆ ವಹಿಸಲಾಗಿತ್ತು: ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನವೇ ಮನುಷ್ಯನ ಕೈಬಿಟ್ಟಿತ್ತು. ಇಂಥ ಅಚಾತುರ್ಯ ಎಲ್ಲ ಇಲಾಖೆಗಳಲ್ಲೂ ನಡೆದರೆ ಈ ಶಾಸ್ತ್ರಕ್ಕೆ ವಿಷಯವೇ ಉಳಿಯದು. ಆದಕಾರಣ ಇದನ್ನು ಉದಾಹರಣೆಯಾಗಿ ಹೊಗಳಬಹುದು, ಸೂತ್ರವಾಗಿ ಸ್ವೀಕರಿಸಲಾಗದು.

ಸೂತ್ರ 7: ಹಂತ ಅವಿನಾಶಿ.

ವೃತ್ತಿ: ಐದು ಹಂತಗಳನ್ನು ಹಾಗೆಯೇ ಕಂಪ್ಯೂಟರಿಗೆ ಏರಿಸಿದರೆ ಐದು ವಿದ್ಯುನ್ಮಾನ ಹಂತಗಳಾಗುತ್ತವೆ. ಮೊದಲು ಹಂತ ಕಡಿಮೆ ಮಾಡಿ, ಆಮೇಲೆ ಕಂಪ್ಯೂಟರು ತನ್ನಿ ಎಂಬ ಮತವೂ ಇದೆ. ತರ್ಕದಲ್ಲಿ ಅದಕ್ಕೆ ದೋಷ ಕಂಡುಬಂದಿಲ್ಲ. ತೊಡಕು ಆಚರಣೆಯದು. ಹಂತ ತೆಗೆಯಬೇಕಾದರೆ ಸರ್ಕಾರಿ ಆದೇಶ ಬೇಕು. ಆದೇಶಕ್ಕೆ ಪ್ರಸ್ತಾವನೆ ಬೇಕು. ಪ್ರಸ್ತಾವನೆಗೆ ಕಡತ ತೆರೆಯಬೇಕು. ಆ ಕಡತವು, ತೆಗೆಯಬೇಕೆಂದಿರುವ ಹಂತದ ಅಭಿಪ್ರಾಯದೊಂದಿಗೇ ಮುಂದಿನ ಹಂತಕ್ಕೆ ಮಂಡನೆಯಾಗತಕ್ಕದ್ದು.